ಹುಳಿಗೆ ಆಸರೆ ಯಾವುದು

ಬಿಯರ್ ಹುಳಿಯಾದರೆ ಕೆಟ್ಟಿತೆಂದೇ ಲೆಕ್ಕ. ಠಾಣೆಯಿಂದ ಕಲ್ಯಾಣದವರೆಗೆ ಯಾವ ಬಾರಿನ ಗಲ್ಲೆಯಲ್ಲಿ ಕೇಳಿದರೂ ಸಿಗುವ ಉತ್ತರ ಇದು. ಅವರು ಮಾರುವ ಬಿಯರಿನ ಮಟ್ಟಿಗೆ ಅದು ಸರಿಯಾದ ಉತ್ತರವೂ ಹೌದು. ತಿಳಿಹಳದಿ ಲಾಗರಿನಲ್ಲಿ ಹುಳಿ ಕಾಣಿಸಿಕೊಂಡರೆ ನಲ್ಲಿಯ ಕೊಳವೆ ತೊಳೆದಿಲ್ಲ, ಇಲ್ಲವೇ ತಯಾರಿಕೆಯಲ್ಲಿ ಎಲ್ಲೋ ಕೊಳೆ ಸೇರಿದೆ ಎಂದರ್ಥ. ಆದರೆ ಬೆಲ್ಜಿಯಂನ ಫ್ಲಾಂಡರ್ಸಿನಲ್ಲಿ ತಲೆಮಾರುಗಳಿಂದ ಹುಳಿಯನ್ನೇ ಬಯಸಿ, ಅದಕ್ಕಾಗಿ ತಿಂಗಳುಗಟ್ಟಲೆ, ಕೆಲವೊಮ್ಮೆ ಎರಡು ವರ್ಷ ಕಾದು ಮಾಡುವ ಬಿಯರುಗಳಿವೆ. ಪಶ್ಚಿಮ ಫ್ಲಾಂಡರ್ಸಿನದು ಕೆಂಪು ಏಲ್, ಓಕ್ ಮರದ ಪೀಪಾಯಿಯಲ್ಲಿ ಮಾಗಿದ್ದು. ಪೂರ್ವ ಫ್ಲಾಂಡರ್ಸಿನ ಔಡೆನಾರ್ಡೆ ಊರಿನ ಸುತ್ತಲಿನದು ಕಂದು ಏಲ್, ಅವರ ಬಾಯಲ್ಲಿ ಔಡ್ ಬ್ರೌನ್, ಲೋಹದ ಪಾತ್ರೆಯಲ್ಲಿ ಮಾಗಿದ್ದು. ಇವುಗಳ ರುಚಿಯನ್ನು ತೂಗುವವರು ಸಾಮಾನ್ಯವಾಗಿ ಮೊದಲು ಕೇಳುವುದು ಹುಳಿ ಎಷ್ಟಿದೆ ಎಂದು. ಹೆಚ್ಚು ಹುಳಿಯಾದಷ್ಟೂ ಹೆಚ್ಚು ಅಪ್ಪಟ ಎಂಬ ನಂಬಿಕೆ ಬಿಯರ್ ಪ್ರಿಯರಲ್ಲಿ ಬೇರೂರಿದೆ. ನನಗೆ ಈ ಅಳತೆಗೋಲೇ ಒಪ್ಪಿಗೆಯಿಲ್ಲ. ಹುಳಿ ಯಾವುದರ ಮೇಲೆ ನಿಂತಿದೆ, ಅದಕ್ಕೆ ಆಸರೆಯಾಗಿ ಯಾವ ಸಿಹಿ, ಯಾವ ಒಗರು, ಎಷ್ಟು ಕಾಲ ಇದೆ ಎಂದು ಕೇಳಿದಾಗ ಮಾತ್ರ ಈ ಏಲ್‌ಗಳಲ್ಲಿ ಒಳ್ಳೆಯದನ್ನೂ ಸಾಧಾರಣವನ್ನೂ ಬೇರೆ ಮಾಡಲು ಬರುತ್ತದೆ. ಆ ಪ್ರಶ್ನೆ ಕೇಳುವುದಕ್ಕೆ ಡೊಂಬಿವಲಿ, ಠಾಣೆ, ನವಿ ಮುಂಬಯಿಗಳ ಕನ್ನಡಿಗರ ನಾಲಿಗೆ ಯಾರಿಗಿಂತಲೂ ಕಡಿಮೆ ಸಿದ್ಧವಾಗಿಲ್ಲ ಎಂಬುದನ್ನೂ ಇಲ್ಲಿ ವಾದಿಸಬೇಕಾಗಿದೆ.

ಮೊದಲು ನಮ್ಮ ಬಾರುಗಳ ಮಾತು. ಈ ಭಾಗದ ಬಾರುಗಳಲ್ಲಿ ಬಹಳಷ್ಟನ್ನು ಕಟ್ಟಿ ನಡೆಸಿದವರು ಉಡುಪಿ, ದಕ್ಷಿಣ ಕನ್ನಡಗಳಿಂದ ಬಂದವರು, ಅದರಲ್ಲೂ ಬಂಟರು. 1949ರ ಬಾಂಬೆ ಪಾನನಿರೋಧ ಕಾಯಿದೆ ಕುಡಿಯುವವನ ಕೈಗೆ ಪರವಾನಗಿ ಚೀಟಿ ಕೊಟ್ಟಿತು. ಮುಂದೆ ನಿಯಮ ಸಡಿಲಾದಾಗ ಹೋಟೆಲಿನ ಪಕ್ಕದ ಕೋಣೆ ಪರ್ಮಿಟ್ ರೂಮ್ ಆಯಿತು, ಆ ಹೆಸರು ಇಂದಿಗೂ ಬೋರ್ಡುಗಳ ಮೇಲೆ ಉಳಿದಿದೆ. ಕಾನೂನು ಮದ್ಯವನ್ನು ತಪ್ಪೆಂದು ಕಾಣುತ್ತ ಅನುಮತಿ ಕೊಟ್ಟಾಗ ಅಲ್ಲಿ ರುಚಿಯ ವಿಚಾರಕ್ಕೆ ಜಾಗ ಹುಟ್ಟುವುದು ಕಷ್ಟ. ಬೇಗ ಕುಡಿದು ಏಳುವವನಿಗೆ ಬೇಕಾದದ್ದು ತಣ್ಣಗಿನ ಬಾಟಲಿ ಮತ್ತು ಕೊಟ್ಟ ಹಣಕ್ಕೆ ತಕ್ಕ ಅಮಲು. ಹೀಗೆ ದೇಶದಲ್ಲೆಲ್ಲ ಆದಂತೆ ಇಲ್ಲೂ ಸ್ಟ್ರಾಂಗ್ ಬಿಯರ್ ಗೆದ್ದಿತು. ನವಿ ಮುಂಬಯಿಯ ಅಂಚಿನ ತಲೋಜಾದಲ್ಲಿ ಬೆಂಗಳೂರು ಮೂಲದ ಯುನೈಟೆಡ್ ಬ್ರೂವರೀಸ್ ಕಂಪನಿಯ ಕಾರ್ಖಾನೆಯೇ ಇದೆ, ಹಾಗಾಗಿ ಲಾಗರ್ ಈ ಊರುಗಳಿಗೆ ದೂರದ ಸರಕಲ್ಲ. ಲಾಗರನ್ನು ಹೀಗಳೆಯುವುದು ನನ್ನ ಉದ್ದೇಶವಲ್ಲ. ಸ್ವಚ್ಛವಾದ, ಒಂದೇ ಸಮನಾದ ಲಾಗರನ್ನು ವರ್ಷವಿಡೀ ಕೊಡುವುದು ಸಣ್ಣ ಸಾಧನೆಯಲ್ಲ, ಠಾಣೆಯ ಮೇ ತಿಂಗಳ ಸೆಕೆಯಲ್ಲಿ ಅದಕ್ಕೆ ಸಾಟಿಯೂ ಇಲ್ಲ. ಆದರೆ ಒಂದೇ ಬಗೆಯ ಪಾನೀಯವನ್ನು ಒಂದೇ ಬಗೆಯ ತಂಪಿನಲ್ಲಿ ಐವತ್ತು ವರ್ಷ ಬಡಿಸಿದ್ದರಿಂದ ಬಾರಿನಲ್ಲಿ ಕುಳಿತ ನಾಲಿಗೆ ಒಂದೇ ನಿರೀಕ್ಷೆಗೆ ಒಗ್ಗಿಹೋಯಿತು. ಅತಿ ತಣ್ಣಗಿನ ದ್ರವ ನಾಲಿಗೆಯನ್ನು ಜೋಮುಗಟ್ಟಿಸುತ್ತದೆ, ಮೂಗಿಗೆ ಏರಬೇಕಾದ ಪರಿಮಳವನ್ನು ತಡೆಯುತ್ತದೆ. ಅಲ್ಲಿ ರುಚಿ ನೋಡುವ ಅಭ್ಯಾಸ ಬೆಳೆಯಲು ಅವಕಾಶವೇ ಇರಲಿಲ್ಲ.

ಅದೇ ನಾಲಿಗೆ ಮನೆಗೆ ಬಂದು ಊಟಕ್ಕೆ ಕುಳಿತಾಗ ಬೇರೆಯೇ ಆಗುತ್ತದೆ. ಕರಾವಳಿಯ ಅಡುಗೆಯಲ್ಲಿ ಹುಳಿ ಒಂದೇ ಅಲ್ಲ. ಪುನರ್ಪುಳಿಯದು ಹೂವಿನ ಪರಿಮಳದ, ಸ್ವಲ್ಪ ಒಗರಿನ ಹುಳಿ. ಅಮಟೆಕಾಯಿಯದು ಹಸಿರು ವಾಸನೆಯ ಹುಳಿ. ಬಿಂಬುಳಿ ಹಲ್ಲನ್ನು ಚುಳ್ಳೆನಿಸುತ್ತದೆ. ಹಳೆಯ ಹುಣಸೆ ಗಾಢ, ಹೊಸದು ಚುರುಕು. ಹುಳಿ ಬಂದ ಮಜ್ಜಿಗೆಯದು ದುಂಡಗಿನ ಹುಳಿ. ಯಾವ ಪದಾರ್ಥಕ್ಕೆ ಯಾವುದು ಎಂಬುದನ್ನು ಅಡುಗೆ ಮಾಡುವವರು ಅಳತೆ ನೋಡದೆ ನಿರ್ಧರಿಸುತ್ತಾರೆ. ಉಡುಪಿ ಸಾರಿನಲ್ಲಿ ಹುಣಸೆಯ ಜೊತೆಗೆ ಬೆಲ್ಲ ಬೀಳದಿದ್ದರೆ ಸಾರು ಆಗುವುದಿಲ್ಲ, ಬೆಲ್ಲ ಮುಂದೆ ಬಂದರೂ ಆಗುವುದಿಲ್ಲ. ಬಂಗುಡೆ ಪುಳಿಮುಂಚಿಯಲ್ಲಿ ಹುಳಿಗೆ ಆಸರೆಯಾಗುವುದು ಮೆಣಸಿನ ಖಾರ ಮತ್ತು ಮೀನಿನ ಎಣ್ಣೆ. ಕಲಬುರಗಿ, ವಿಜಯಪುರಗಳ ಕಡೆಯಿಂದ ಕಲ್ಯಾಣಕ್ಕೆ ಬಂದು ನೆಲೆಸಿದ ಮನೆಗಳಲ್ಲಿ ಪುಂಡಿ ಪಲ್ಯದ ಹುಳಿಗೆ ಬೇಳೆಯೋ ಜೋಳದ ನುಚ್ಚೋ ಆಸರೆ. ಹುಳಿಯನ್ನು ಒಂಟಿಯಾಗಿ ಬಡಿಸಬಾರದು ಎಂಬ ಈ ತಿಳಿವಳಿಕೆ ಫ್ಲಾಂಡರ್ಸಿನ ಬ್ರೂವರನ ತಿಳಿವಳಿಕೆಯೂ ಹೌದು. ಬಾರಿನಲ್ಲಿ ಬಿಯರ್ ಹುಳಿಯೆಂದು ಮುಖ ಸಿಂಡರಿಸುವವರ ಮನೆಯಲ್ಲೇ ಆ ಬಿಯರಿನ ನ್ಯಾಯ ಹೇಳಬಲ್ಲ ಪರಿಣತಿ ಇದೆ. ಆ ಪರಿಣತಿಯನ್ನು ಲೋಟಕ್ಕೂ ಅನ್ವಯಿಸಬಹುದೆಂದು ಯಾರೂ ಹೇಳಿಕೊಡಲಿಲ್ಲ, ಅಷ್ಟೆ.

ಕೆಂಪು ಏಲ್‌ನ ಮಾತು ಬಂದಾಗ ಮೊದಲು ನೋಡಬೇಕಾದದ್ದು ರೂಸಲಾರೆ ಪಟ್ಟಣದ ರೋಡನ್‌ಬಾಕ್. 1821ರಲ್ಲಿ ಆರಂಭವಾದ ಈ ಕಾರ್ಖಾನೆಯಲ್ಲಿ ಫೂಡರ್ ಎಂದು ಕರೆಯುವ, ಆಳೆತ್ತರ ಮೀರಿ ನಿಂತ ಓಕ್ ಪೀಪಾಯಿಗಳು ಮುನ್ನೂರಕ್ಕೆ ಹತ್ತಿರ, 294 ಇವೆ. ದೊಡ್ಡವು 60,000 ಲೀಟರಿನಷ್ಟು ಹಿಡಿಯುತ್ತವೆ. ಕೆಲವಕ್ಕೆ ನೂರೈವತ್ತು ವರ್ಷದ ಮೇಲಾಗಿದೆ. ಇವುಗಳನ್ನು ಕಳಚಿ, ಹಲಗೆಗಳ ಒಳಮೈ ಹೆರೆದು, ಮತ್ತೆ ಜೋಡಿಸುವ ಮರಗೆಲಸದವರನ್ನು ಕಾರ್ಖಾನೆಯೇ ಇಟ್ಟುಕೊಂಡಿದೆ. ಬಾರ್ಲಿಯ ಕೆಂಪು ಮಾಲ್ಟ್ ಮತ್ತು ಸ್ವಲ್ಪ ಮೆಕ್ಕೆಜೋಳದಿಂದ ಮಾಡಿದ ರಸ ಮೊದಲು ಯೀಸ್ಟ್ ಮತ್ತು ಲ್ಯಾಕ್ಟಿಕ್ ಬ್ಯಾಕ್ಟೀರಿಯಾಗಳ ಮಿಶ್ರಣದಲ್ಲಿ ಹುದುಗುತ್ತದೆ, ಆಮೇಲೆ ಒಂದು ಭಾಗ ಎರಡು ವರ್ಷ ಫೂಡರಿಗೆ ಹೋಗುತ್ತದೆ. ಹಾಪ್ಸ್ ಬಹಳ ಕಡಿಮೆ, ಏಕೆಂದರೆ ಹಾಪ್ಸಿನ ಕಹಿ ಈ ಬ್ಯಾಕ್ಟೀರಿಯಾಗಳನ್ನು ಅಡಗಿಸುತ್ತದೆ. ಕಹಿಯೂ ಹುಳಿಯೂ ಒಟ್ಟಿಗೆ ನಿಂತರೆ ಒಂದಕ್ಕೊಂದು ಹೊಂದುವುದಿಲ್ಲ ಎಂಬುದೂ ಒಂದು ಕಾರಣ. ಎರಡು ವರ್ಷಗಳ ಕೊನೆಯಲ್ಲಿ ಸಿಗುವುದು ತೀರಾ ಹುಳಿಯಾದ ದ್ರವ. ಅದನ್ನು ಹೊಸ ಬಿಯರಿನ ಜೊತೆ ಬೆರೆಸುತ್ತಾರೆ: ಸಾದಾ ರೋಡನ್‌ಬಾಕ್‌ನಲ್ಲಿ ಹಳೆಯದು ನಾಲ್ಕನೇ ಒಂದು ಭಾಗ, ಗ್ರಾಂ ಕ್ರೂ ಎಂಬುದರಲ್ಲಿ ಮೂರನೇ ಎರಡು ಭಾಗ. ಫೂಡರುಗಳ ಸಾಲು ನೋಡುವವರ ಕಣ್ಣು ಸೆಳೆಯುತ್ತದೆ ನಿಜ. ಆದರೆ ಕಸುಬಿನ ತೀರ್ಮಾನ ಆಗುವುದು ಈ ಬೆರಸುವ ಮೇಜಿನ ಬಳಿ. ಯಾವ ಎರಡು ಪೀಪಾಯಿಗಳೂ ಒಂದೇ ತೆರನಾಗಿ ಹುಳಿಯಾಗುವುದಿಲ್ಲ, ಹಾಗಾಗಿ ಬೆರಸುವವರು ಪ್ರತಿ ಪೀಪಾಯಿಯನ್ನೂ ಸವಿದು ಲೆಕ್ಕ ಹಾಕಬೇಕಾಗುತ್ತದೆ.

ಹುಳಿಯಲ್ಲಿ ಎರಡು ಬಗೆ ಇರುವುದನ್ನು ಇಲ್ಲಿ ಬಿಡಿಸಿ ಹೇಳಬೇಕು. ಲ್ಯಾಕ್ಟಿಕ್ ಆಮ್ಲ ಮಜ್ಜಿಗೆಯದು. ನಾಲಿಗೆಯ ಮೇಲೆ ಹರಡುತ್ತದೆ, ಮೂಗಿಗೆ ಏನೂ ಹೇಳುವುದಿಲ್ಲ. ಅಸಿಟಿಕ್ ಆಮ್ಲ ವಿನೆಗರಿನದು. ಮೂಗನ್ನು ಚುಚ್ಚುತ್ತದೆ, ಗಂಟಲಿನ ಹಿಂಭಾಗ ಸುಡುತ್ತದೆ. ಕೆಂಪು ಏಲ್‌ನಲ್ಲಿ ಎರಡೂ ಇರುತ್ತವೆ, ಎರಡರ ಪ್ರಮಾಣವೇ ಅದರ ವ್ಯಕ್ತಿತ್ವ. ವಿನೆಗರಿನ ಬ್ಯಾಕ್ಟೀರಿಯಾಕ್ಕೆ ಆಮ್ಲಜನಕ ಬೇಕು, ಅದು ಮರದ ಮೂಲಕ ನಿಧಾನವಾಗಿ ನುಸುಳುತ್ತದೆ. ಪೀಪಾಯಿ ದೊಡ್ಡದಾದಷ್ಟೂ ಒಂದು ಲೀಟರ್ ಬಿಯರಿಗೆ ತಗಲುವ ಮರದ ಮೈ ಕಡಿಮೆ. 225 ಲೀಟರಿನ ವೈನ್ ಪೀಪಾಯಿಗೂ ಅದೇ ಆಕಾರದ, ಅದರ ನೂರು ಪಟ್ಟು ಹಿಡಿಯುವ ಫೂಡರಿಗೂ ಹೋಲಿಸಿದರೆ ಎರಡನೆಯದರಲ್ಲಿ ಲೀಟರಿಗೆ ತಗಲುವ ಮೈ ನಾಲ್ಕೂವರೆ ಪಟ್ಟಿಗಿಂತಲೂ ಹೆಚ್ಚು ಕಡಿಮೆಯಾಗುತ್ತದೆ. ಫ್ಲಾಂಡರ್ಸಿನವರು ಆ ಗಾತ್ರದ ಪೀಪಾಯಿ ಕಟ್ಟಿದ್ದರಲ್ಲಿ ರುಚಿಯ ವಿವೇಕವೂ ಅಡಗಿದೆ. ಸಣ್ಣ ಪೀಪಾಯಿಯಲ್ಲಿ ಮಾಗಿಸಿ ಹುಳಿ ಬಿಯರ್ ಮಾಡುವ ಇತರ ದೇಶಗಳ ಹೊಸಬರು ಮತ್ತೆ ಮತ್ತೆ ವಿನೆಗರಿನ ಘಾಟಿಗೆ ಸಿಕ್ಕಿಬೀಳುವುದಕ್ಕೆ ಒಂದು ಕಾರಣ ಇಲ್ಲಿದೆ. ಬ್ರೆಟಾನೊಮೈಸಿಸ್ ಎಂಬ ಇನ್ನೊಂದು ಯೀಸ್ಟ್ ಮಾಮೂಲು ಯೀಸ್ಟ್ ಮುಟ್ಟದೆ ಬಿಟ್ಟ ಸಕ್ಕರೆಗಳನ್ನು ತಿಂಗಳುಗಟ್ಟಲೆ ತಿನ್ನುತ್ತ ಒಣ ತೊಗಲಿನ, ಹಳೆಯ ಮರದ ವಾಸನೆ ಬಿಡುತ್ತದೆ. ಆಮ್ಲಗಳು ಮದ್ಯಾಂಶದೊಡನೆ ಕೂಡಿ ಹಣ್ಣಿನ ವಾಸನೆಯ ಎಸ್ಟರುಗಳಾಗುತ್ತವೆ. ಹಣ್ಣೇ ಹಾಕದ ಬಿಯರಿನಲ್ಲಿ ಚೆರ್ರಿಯೂ ಒಣ ಪ್ಲಮ್ಮೂ ಸುಳಿಯುವುದರಲ್ಲಿ ಮಾಲ್ಟಿನ ಜೊತೆ ಇವುಗಳ ಪಾಲೂ ಇದೆ. ಇದಕ್ಕೆಲ್ಲ ಕಾಲವೇ ಬೇಕು, ಬೇರೆ ಒಳದಾರಿ ಇಲ್ಲ.

ಈ ತಿಳಿವಳಿಕೆ ಇಟ್ಟುಕೊಂಡು ಲೋಟಗಳತ್ತ ಬರೋಣ. ರೋಡನ್‌ಬಾಕ್ ಗ್ರಾಂ ಕ್ರೂ, ಶೇ. 6 ಮದ್ಯಾಂಶ, ಈ ಕುಲದ ಅತ್ಯುತ್ತಮ ಮಾದರಿ ಎಂದು ಅನುಮಾನವಿಲ್ಲದೆ ಹೇಳುತ್ತೇನೆ. ಬಣ್ಣ ಪುನರ್ಪುಳಿ ಸಿಪ್ಪೆಯನ್ನು ಒಂದು ರಾತ್ರಿ ನೆನೆಸಿದ ನೀರಿಗಿಂತ ಕಂದು, ಬೆಳಕಿಗೆ ಹಿಡಿದರೆ ಕೆಂಪು. ಮೂಗಿಗೆ ಮೊದಲು ವಿನೆಗರಿನ ಸಣ್ಣ ಚುಚ್ಚು, ಅದರ ಬೆನ್ನಿಗೇ ಹುಳಿ ಚೆರ್ರಿ ಮತ್ತು ಒದ್ದೆ ಮರ. ಗುಟುಕು ಬಾಯಿಗೆ ಬಿದ್ದಾಗ ಹುಳಿ ನೇರವಾಗಿ ಎದುರಾಗುತ್ತದೆ, ಆದರೆ ನಾಲಿಗೆಯ ನಡುಭಾಗಕ್ಕೆ ಬರುವಷ್ಟರಲ್ಲಿ ಮಾಲ್ಟಿನ ಸಿಹಿ ಅದನ್ನು ಹಿಡಿದುಕೊಳ್ಳುತ್ತದೆ. ಕೊನೆಯಲ್ಲಿ ಓಕ್‌ನ ಒಗರು ಬಾಯನ್ನು ಒಣಗಿಸಿ ಮುಂದಿನ ಗುಟುಕಿಗೆ ಕರೆಯುತ್ತದೆ. ಮೂರೂ ಹಂತಗಳು ಒಂದರ ಮೇಲೊಂದು ಬಿದ್ದು ಕಲಸಿಹೋಗದೆ ಸರದಿಯಲ್ಲಿ ಬರುತ್ತವೆ. ಒಳ್ಳೆಯ ಸಾರನ್ನು ಲೋಟದಲ್ಲಿ ಕುಡಿಯುವಾಗ ಹುಳಿ, ಬೆಲ್ಲ, ಮೆಣಸು ಹೀಗೇ ಒಂದಾದ ಮೇಲೆ ಒಂದು ತಲೆಯೆತ್ತುತ್ತವೆ. ಶೇ. 5.2ರ ಸಾದಾ ರೋಡನ್‌ಬಾಕ್ ಇದರ ತಮ್ಮನಂತೆ, ಹಗುರ ಮತ್ತು ಚುರುಕು. ಹುಳಿ ಬಿಯರನ್ನು ಮೊದಲ ಸಲ ಮುಟ್ಟುವವರಿಗೆ ಅದನ್ನೇ ಕೊಡಬೇಕೆಂಬ ವಾಡಿಕೆ ಇದೆ. ನನ್ನ ಅಭಿಪ್ರಾಯ ಬೇರೆ. ಹುಣಸೆಯಲ್ಲೇ ಬೆಳೆದ ನಾಲಿಗೆಗೆ ಮೆಟ್ಟಿಲು ಬೇಡ. ಸಾದಾ ಬಿಯರಿನಲ್ಲಿ ಹೊಸ ಬಿಯರಿನ ಪಾಲು ಹೆಚ್ಚಿರುವುದರಿಂದ ಹುಳಿ ಸ್ವಲ್ಪ ನೀರುನೀರಾಗಿ ತೋರಿ, ಇದೇಕೆ ಹೀಗೆ ಎಂಬ ಗೊಂದಲವಷ್ಟೇ ಹುಟ್ಟೀತು. ಗ್ರಾಂ ಕ್ರೂ ತನ್ನ ಉದ್ದೇಶವನ್ನು ಮೊದಲ ಗುಟುಕಿನಲ್ಲೇ ತಿಳಿಸಿಬಿಡುತ್ತದೆ.

ಡಚೆಸ್ ದ ಬರ್ಗೋನ್ಯ ಇನ್ನೂ ಹೆಚ್ಚು ಮಂದಿ ಮೆಚ್ಚುವ ಕೆಂಪು ಏಲ್. ವಿಖ್ತೆ ಊರಿನ ವೆರ್ಹಾಗೆ ಕುಟುಂಬ ಮಾಡುವ ಇದರಲ್ಲಿ ಎಂಟು ತಿಂಗಳ ಮತ್ತು ಹದಿನೆಂಟು ತಿಂಗಳ ಬಿಯರುಗಳ ಮಿಶ್ರಣ, ಮದ್ಯಾಂಶ ಶೇ. 6.2. ಬಾಟಲಿಯ ಮೇಲೆ ಹದಿನೈದನೇ ಶತಮಾನದ ಬರ್ಗಂಡಿಯ ಡಚೆಸ್ ಮೇರಿಯ ಚಿತ್ರ. ರುಚಿಯಲ್ಲಿ ಮೊದಲು ಬರುವುದು ಸಿಹಿ, ಗಾಢವಾದ, ಇಟಲಿಯ ಬಾಲ್ಸಾಮಿಕ್ ವಿನೆಗರನ್ನು ನೆನಪಿಸುವ ಸಿಹಿ. ಹುಳಿ ಅದರ ಹಿಂದೆ ನಿಂತಿರುತ್ತದೆ. ಮೊದಲ ಅರ್ಧ ಲೋಟ ಅದ್ಭುತ, ಎರಡನೆಯ ಅರ್ಧ ಭಾರ. ಸಿಹಿ ಆಸರೆಯಾಗುವ ಬದಲು ಯಜಮಾನನಾದಾಗ ಹೀಗಾಗುತ್ತದೆ, ಬೆಲ್ಲ ಮುಂದೆ ಬಂದ ಸಾರಿನ ದೋಷವೇ ಇದು. ಇದರ ಇನ್ನೊಂದು ತುದಿ ಬೆಲ್ಲೆಗೆಮ್‌ನ ಒಮೆರ್ ವಾಂಡರ್ ಗಿನ್‌ಸ್ಟೆಯವರ ಕ್ಯುವೆ ದೆ ಜಾಕೊಬ್ಯಾಂ ರೂಜ್. ಹೊಸ ಬಿಯರ್ ಬೆರೆಸದೆ, ಹದಿನೆಂಟು ತಿಂಗಳು ಫೂಡರಿನಲ್ಲಿ ಮಾಗಿದ್ದನ್ನೇ ಬಾಟಲಿಗೆ ತುಂಬುತ್ತಾರೆ. ಮದ್ಯಾಂಶ ಕೇವಲ ಶೇ. 5.5. ಹುಳಿ ಇಲ್ಲಿ ಕತ್ತಿಯಂತೆ ಹರಿತ, ವಿನೆಗರ್ ಮೂಗಿನಲ್ಲಿ ನಿಲ್ಲುತ್ತದೆ, ಸಿಹಿ ಎಲ್ಲೋ ತಳದಲ್ಲಿ. ಅಪ್ಪಟ ಎನ್ನುವವರಿಗೆ ಇದು ಪ್ರಿಯ, ಅವರ ಮೆಚ್ಚುಗೆಯಲ್ಲಿ ನಿಜವೂ ಇದೆ: ಒಂದು ಪೀಪಾಯಿಯ ಬಿಯರ್ ಸ್ವತಃ ಏನೆಂದು ತೋರಿಸುವ ಪ್ರಾಮಾಣಿಕತೆ ಇದಕ್ಕಿದೆ. ಆದರೆ ಇಡೀ ಬಾಟಲಿ ಮುಗಿಸಲು ಛಲ ಬೇಕು. ಛಲದಿಂದ ಕುಡಿಯಬೇಕಾದ ಪಾನೀಯವನ್ನು ಸಾಧನೆಯ ಶಿಖರ ಎನ್ನಲು ನನ್ನ ಮನಸ್ಸು ಒಪ್ಪುವುದಿಲ್ಲ. ಇವೆರಡರ ನಡುವೆ ಗ್ರಾಂ ಕ್ರೂ ನಿಲ್ಲುವುದು ಮಧ್ಯಮ ಮಾರ್ಗವೆಂಬ ಕಾರಣಕ್ಕಲ್ಲ. ಅದರಲ್ಲಿ ಹುಳಿಯೂ ಪೂರ್ಣ ಬಲದಲ್ಲಿದೆ, ಆಸರೆಯೂ ಪೂರ್ಣ ಬಲದಲ್ಲಿದೆ.

ಕಂದು ಏಲ್ ಬೇರೆಯೇ ಸ್ವಭಾವದ್ದು, ಅದಕ್ಕೆ ಸಿಗಬೇಕಾದ ಮನ್ನಣೆ ಸಿಕ್ಕಿಲ್ಲ ಎಂಬುದು ನನ್ನ ತಕರಾರು. ಔಡೆನಾರ್ಡೆಯ ಲೀಫ್ಮಾನ್ಸ್ ಕಾರ್ಖಾನೆ 1679ರಷ್ಟು ಹಳೆಯದು. ಅಲ್ಲಿಗೆ 1946ರಲ್ಲಿ ಕಾರ್ಯದರ್ಶಿಯಾಗಿ ಸೇರಿದ ರೋಸಾ ಮರ್ಕ್ಸ್ ತಮ್ಮ ನಾಲಿಗೆಯ ಸೂಕ್ಷ್ಮತೆಯಿಂದಲೇ ತಯಾರಿಕೆಯ ಕೋಣೆಗೆ ಬಂದವರು. ಮುಂದೆ ಇಡೀ ಕಾರ್ಖಾನೆಯ ಹೊಣೆ ಹೊತ್ತು ಬೆಲ್ಜಿಯಂನ ಮೊದಲ ಮಹಿಳಾ ಬ್ರೂಮಾಸ್ಟರ್ ಎಂದು ಹೆಸರಾದರು. ಕಾಗದದಲ್ಲಿ ಸುತ್ತಿದ ಬಾಟಲಿಯ ಮೇಲೆ ಅವರ ಸಹಿ ಇರುತ್ತಿತ್ತು. ಯಂತ್ರಶಾಸ್ತ್ರಕ್ಕಿಂತ ಸವಿಯುವ ಶಕ್ತಿ ಇಲ್ಲಿ ಎಷ್ಟು ದೊಡ್ಡದು ಎನ್ನಲು ಇದಕ್ಕಿಂತ ಸಾಕ್ಷಿ ಬೇಡ. ಲೀಫ್ಮಾನ್ಸ್ ಗೌಡನ್‌ಬಾಂಟ್‌ನಲ್ಲಿ ಮರವಿಲ್ಲ. ತೆರೆದ ತಾಮ್ರದ ತೊಟ್ಟಿಗಳಲ್ಲಿ ಹುದುಗಿ, ಆಮೇಲೆ ಲೋಹದ ಪಾತ್ರೆಗಳಲ್ಲಿ ತಿಂಗಳುಗಟ್ಟಲೆ ಮಾಗಿ, ಹಳತು ಹೊಸತು ಬೆರೆತು ತಯಾರಾಗುತ್ತದೆ. ಆಮ್ಲಜನಕ ನುಸುಳದ ಕಾರಣ ವಿನೆಗರಿನ ಚುಚ್ಚು ಹೆಚ್ಚುಕಡಿಮೆ ಇಲ್ಲವೇ ಇಲ್ಲ, ಉಳಿಯುವುದು ಲ್ಯಾಕ್ಟಿಕ್ ಹುಳಿ. ಸುಟ್ಟ ಬೆಲ್ಲ, ಒಣದ್ರಾಕ್ಷಿ, ಖರ್ಜೂರ ಮೊದಲು ಬರುತ್ತವೆ. ಹಳೆಯ ಹುಣಸೆಯ ಗಾಢ ಹುಳಿ ಅವುಗಳ ಅಡಿಯಿಂದ ಮೇಲೇರುತ್ತದೆ. ಇದರ ಮದ್ಯಾಂಶ ಶೇ. 8. ಭಾರತದ ಆಹಾರ ಸುರಕ್ಷತಾ ನಿಯಮದಲ್ಲಿ ಸ್ಟ್ರಾಂಗ್ ಬಿಯರ್ ಎಂದರೆ ಶೇ. 5ರಿಂದ 8, ಅಂದರೆ ಅಮಲಿನ ಲೆಕ್ಕದಲ್ಲಿ ಗೌಡನ್‌ಬಾಂಟ್ ನಮ್ಮ ಪರ್ಮಿಟ್ ರೂಮಿನ ಸ್ಟ್ರಾಂಗ್ ಬಾಟಲಿಯ ಸಾಲಿನದೇ. ಒಂದರಲ್ಲಿ ಮದ್ಯಾಂಶ ಬಿಟ್ಟರೆ ಹೇಳಿಕೊಳ್ಳುವಂಥದ್ದು ಹೆಚ್ಚಿಲ್ಲ, ಇನ್ನೊಂದರಲ್ಲಿ ಅಷ್ಟೇ ಮದ್ಯಾಂಶ ಇದೆಯೆಂಬುದು ಬಾಟಲಿ ಓದುವವರೆಗೆ ಗೊತ್ತಾಗುವುದಿಲ್ಲ. ಗಟ್ಟಿ ಬಿಯರನ್ನೇ ಬಯಸುವ ಗಿರಾಕಿಗೆ ರುಚಿ ಬೇಡ ಎಂಬ ಬಾರಿನ ಲೆಕ್ಕಾಚಾರಕ್ಕೆ ಗೌಡನ್‌ಬಾಂಟ್ ಸರಿಯಾದ ಉತ್ತರ.

ಈ ಏಲ್‌ಗಳನ್ನು ಹೊಗಳುವವರೇ ಅವುಗಳಿಗೆ ಅನ್ಯಾಯ ಮಾಡುವುದೂ ಉಂಟು. ಇಂಗ್ಲೆಂಡಿನ ಬಿಯರ್ ಬರಹಗಾರ ಮೈಕೆಲ್ ಜಾಕ್ಸನ್ ಕೆಂಪು ಏಲ್‌ಗಳನ್ನು ಫ್ರಾನ್ಸಿನ ಕೆಂಪು ವೈನಿಗೆ ಹೋಲಿಸಿ ಬೆಲ್ಜಿಯಂನ ಬರ್ಗಂಡಿ ಎಂದು ಕರೆದರು. ಜಗತ್ತಿಗೆ ಇವುಗಳ ಪರಿಚಯ ಮಾಡಿಸಿದವರು ಅವರೇ ಎಂಬ ಋಣ ದೊಡ್ಡದು. ಆದರೆ ಆ ಹೋಲಿಕೆ ಅಂಟಿಕೊಂಡಿದ್ದರಿಂದ ಈಗ ಪ್ರತಿ ವಿಮರ್ಶೆಯೂ ವೈನಿನ ಮಾತನ್ನೇ ಆಡುತ್ತದೆ. ವೈನಿನಲ್ಲಿ ಒಗರು ದ್ರಾಕ್ಷಿಯ ಸಿಪ್ಪೆ ಬೀಜಗಳಿಂದ ಧಾರಾಳವಾಗಿ ಬರುತ್ತದೆ, ಹುಳಿ ಬಹುಪಾಲು ಹಣ್ಣಿನಲ್ಲೇ ಇರುತ್ತದೆ. ಇಲ್ಲಿ ಒಗರು ಸ್ವಲ್ಪವೇ, ಹುಳಿಯಷ್ಟೂ ಸೂಕ್ಷ್ಮಜೀವಿಗಳು ದುಡಿದು ಕೊಟ್ಟದ್ದು, ಆಸರೆ ಧಾನ್ಯದ ಸಿಹಿ, ಮೇಲೆ ಎತ್ತಿ ಹಿಡಿಯುವುದು ನೊರೆ. ವೈನಿನಂತಿದೆ ಎಂದು ಮೆಚ್ಚಿದರೆ ಬಿಯರಾಗಿ ಅದು ಸಾಲದು ಎಂದಂತಾಗುತ್ತದೆ. ಧಾನ್ಯದಿಂದ ಹುಳಿ ತೆಗೆಯುವುದು ಹಣ್ಣಿನಿಂದ ಹುಳಿ ತೆಗೆಯುವುದಕ್ಕಿಂತ ಕಷ್ಟದ ಕೆಲಸ. ಉದ್ದು ಅಕ್ಕಿಯ ಹಿಟ್ಟು ಹದವಾಗಿ ಹುದುಗಲು ಎಷ್ಟು ನಿಗಾ ಬೇಕೆಂದು ಬಲ್ಲ ಉಡುಪಿ ಹೋಟೆಲಿನ ಊರುಗಳಲ್ಲಿ ಇದನ್ನು ವಿವರಿಸಬೇಕಾಗಿಲ್ಲ.

ಇನ್ನೊಂದು ಆಕ್ಷೇಪ ಹೆಚ್ಚು ಗಟ್ಟಿಯಾದದ್ದು. ಹುಳಿಯಾದ ಮದ್ಯವೇ ಬೇಕಾದರೆ ಕಳ್ಳು ಇಲ್ಲವೇ, ಸಮುದ್ರದಾಚೆಯ ಬಾಟಲಿಯನ್ನೇಕೆ ಕೊಂಡಾಡಬೇಕು ಎಂದು ಕೇಳಬಹುದು. ಕೇಳುವ ಹಕ್ಕು ಇಲ್ಲಿನವರಿಗೆ ಖಂಡಿತ ಇದೆ. ತುಳುನಾಡಿನಲ್ಲಿ ಮೂರ್ತೆಗಾರಿಕೆ ಮಾಡಿಕೊಂಡಿದ್ದ ಬಿಲ್ಲವರಲ್ಲಿ ದೊಡ್ಡ ಸಂಖ್ಯೆಯವರು ಮುಂಬಯಿ, ಠಾಣೆಗಳಲ್ಲಿ ನೆಲೆಸಿದ್ದಾರೆ. 2014ರಲ್ಲಿ ಪಾಲ್ಘರ್ ಬೇರೆಯಾಗುವ ಮೊದಲು ಠಾಣೆ ಜಿಲ್ಲೆಗೇ ಸೇರಿದ್ದ ವಸಯಿ ಕಡಲಂಚಿನಲ್ಲಿ ಭಂಡಾರಿಗಳಿಗೂ ಅದೇ ಕಸುಬಿತ್ತು. ಕಳ್ಳಿನ ಮಡಕೆಯಲ್ಲಿ ನಡೆಯುವುದೂ ಫೂಡರಿನ ಕತೆಯೇ. ಯೀಸ್ಟ್ ಸಕ್ಕರೆಯನ್ನು ಮದ್ಯ ಮಾಡುತ್ತದೆ, ಲ್ಯಾಕ್ಟಿಕ್ ಬ್ಯಾಕ್ಟೀರಿಯಾ ಹುಳಿ ತರುತ್ತದೆ, ಕೊನೆಗೆ ಅಸಿಟಿಕ್ ಬ್ಯಾಕ್ಟೀರಿಯಾ ವಿನೆಗರಿನತ್ತ ಎಳೆಯುತ್ತದೆ. ರೂಸಲಾರೆಯಲ್ಲಿ ಎರಡು ವರ್ಷ ಹಿಡಿಯುವ ಈ ದಾರಿಯನ್ನು ನಮ್ಮ ಸೆಕೆಯಲ್ಲಿ ಕಳ್ಳು ಒಂದೆರಡು ದಿನದಲ್ಲಿ ಮುಗಿಸುತ್ತದೆ. ವ್ಯತ್ಯಾಸ ಇರುವುದು ಈ ವೇಗದಲ್ಲಿ. ಬೆಳಗಿನ ಕಳ್ಳಿನ ಸೊಗಸು ಅಪ್ರತಿಮ, ಯಾವ ಬೆಲ್ಜಿಯಂ ಬಾಟಲಿಯಲ್ಲೂ ಆ ತಾಜಾತನ ಇಲ್ಲ. ಆದರೆ ಕಳ್ಳಿನ ಹುಳಿಗೆ ಆಸರೆ ಕಟ್ಟಲು ಯಾರಿಗೂ ಸಮಯ ಸಿಗುವುದಿಲ್ಲ. ಸಿಹಿ ಕರಗುವಷ್ಟರಲ್ಲಿ ಹುಳಿ ಒಂಟಿಯಾಗುತ್ತದೆ. ಹಳೆಯ ಕಳ್ಳನ್ನು ಹೊಸದಕ್ಕೆ ಬೆರೆಸಿ ಹದಮಾಡಿ ಇಡಲು ಆಗುವುದಿಲ್ಲ, ಹಳೆಯದು ಹೊಸದನ್ನೂ ತನ್ನ ದಾರಿಗೆ ಎಳೆದುಬಿಡುತ್ತದೆ. ನಗರಗಳಲ್ಲಿ ಕ್ಲೋರಲ್ ಹೈಡ್ರೇಟ್ ಬೆರೆಸಿ ಮಾರುವ ದುಷ್ಟ ಪದ್ಧತಿ ಒಳ್ಳೆಯ ಕಳ್ಳಿನ ಹೆಸರನ್ನೂ ಕೆಡಿಸಿದೆ, ಅದು ಬೇರೆ ನೋವು. ಕಳ್ಳು ಕುಡಿದು ಬಲ್ಲವರಿಗೆ ಹುಳಿ ಯಾವ ಗಳಿಗೆಯಲ್ಲಿ ಮೀರುತ್ತದೆ ಎಂಬುದು ಗೊತ್ತು. ಆ ಗಳಿಗೆಯನ್ನು ಹಿಡಿದು ನಿಲ್ಲಿಸುವ ಕಲೆಯನ್ನು ಕೆಂಪು ಏಲ್‌ನಲ್ಲಿ ಮೊದಲು ಗುರುತಿಸಬಲ್ಲವರು ಅವರೇ.

ಹಾಗಾದರೆ ನಮ್ಮ ಕಡೆಯೇ ಹುಟ್ಟುತ್ತಿರುವ ಹುಳಿ ಬಿಯರುಗಳ ಮಾತೇನು? ಮಹಾರಾಷ್ಟ್ರದಲ್ಲಿ ಸಣ್ಣ ಬ್ರೂವರಿಗಳು ತಲೆಯೆತ್ತಿ ಒಂದೂವರೆ ದಶಕ ದಾಟಿದೆ. ಡೊಂಬಿವಲಿಯ ಕೈಗಾರಿಕಾ ವಲಯದಲ್ಲೇ ನೆಲೆಯೂರಿದ ಗೇಟ್‌ವೇ ಬ್ರೂಯಿಂಗ್ 2010ರ ದಶಕದಲ್ಲಿ ವೈಟ್ ಝೆನ್ ಎಂಬ ಗೋಧಿ ಬಿಯರನ್ನು ಮುಂಬಯಿಯ ಲೋಟಗಳಿಗೆ ತಲುಪಿಸಿತು. ರಾಸಾಯನಿಕ, ಬಣ್ಣಗಳ ಕಾರ್ಖಾನೆಗಳಿಗೆ ಹೆಸರಾದ ವಲಯದಿಂದ ಒಳ್ಳೆಯ ಗೋಧಿ ಬಿಯರ್ ಬರಬಹುದೆಂದು ತೋರಿಸಿದ್ದು ನಿಜಕ್ಕೂ ದೊಡ್ಡದು. ಪುಣೆಯ ಗ್ರೇಟ್ ಸ್ಟೇಟ್ ಏಲ್‌ವರ್ಕ್ಸ್ ಕೋಕಂ, ಅಂದರೆ ನಮ್ಮ ಪುನರ್ಪುಳಿ, ಮತ್ತು ಉಪ್ಪು ಹಾಕಿದ ಏಲ್ ಮಾಡಿದೆ. ಕೊಂಕಣದ ಹಣ್ಣು ಪುಣೆಯ ಬಿಯರಿಗೆ ಬಂದದ್ದು ಸಂತೋಷದ ಸಂಗತಿ. ಆದರೆ ಸಣ್ಣ ಬ್ರೂವರಿಗಳಲ್ಲಿ ಹುಳಿ ಬಿಯರ್ ಎಂದರೆ ಈಗ ಎಲ್ಲೆಡೆ ನಡೆಯುವ ರೂಢಿ ಬೇರೆ: ಮಾಲ್ಟ್ ರಸಕ್ಕೆ ಲ್ಯಾಕ್ಟಿಕ್ ಬ್ಯಾಕ್ಟೀರಿಯಾ ಸೇರಿಸಿ ಒಂದೆರಡು ದಿನ ಬೆಚ್ಚಗಿಟ್ಟು ಹುಳಿಸುವುದು, ಕುದಿಸಿ ಬ್ಯಾಕ್ಟೀರಿಯಾವನ್ನು ಕೊಲ್ಲುವುದು, ಆಮೇಲೆ ಯೀಸ್ಟ್, ಕೊನೆಗೆ ಹಣ್ಣು. ಫಲಿತಾಂಶ ಶುಚಿಯಾದ, ಬಾಯಾರಿಕೆ ನೀಗಿಸುವ ಪಾನೀಯ. ಅದರ ಹುಳಿ ಮಾತ್ರ ತೆಳ್ಳಗೆ, ನಾಲಿಗೆಯ ತುದಿಯಲ್ಲಿ ಹುಟ್ಟಿ ಅಲ್ಲೇ ಮುಗಿಯುತ್ತದೆ. ಕಾಲ ಕೊಡಬೇಕಾದ ಆಸರೆಯ ಜಾಗದಲ್ಲಿ ಹಣ್ಣನ್ನು ನಿಲ್ಲಿಸಿದ್ದಾರೆ. ಹಣ್ಣು ಪರಿಮಳ ಕೊಡುತ್ತದೆ, ಆಳವನ್ನು ಕೊಡಲಾರದು. ಬೇಸಿಗೆಗೆ ಒಳ್ಳೆಯ ಕೋಕಂ ಬಿಯರ್ ಬೇಕು ಎನ್ನುವವರ ಜೊತೆ ನನಗೆ ಜಗಳವಿಲ್ಲ. ಅದನ್ನೂ ಗ್ರಾಂ ಕ್ರೂವನ್ನೂ ಹುಳಿ ಬಿಯರ್ ಎಂಬ ಒಂದೇ ಪಟ್ಟಿಯಲ್ಲಿ ಬರೆದು ಒಂದೇ ಅಂಕ ಕೊಡುವುದು ಮಾತ್ರ ಸರಿಯಲ್ಲ.

ಈ ಊರುಗಳಲ್ಲಿ ಫ್ಲಾಂಡರ್ಸಿನ ಬಗೆಯ ಬಿಯರ್ ಮಾಡಲು ಸಾಧ್ಯವೇ ಎಂದರೆ, ಕೆಂಪು ಏಲ್ ಕಷ್ಟ, ಕಂದು ಏಲ್ ಸಾಧ್ಯ ಎನ್ನಬೇಕಾಗುತ್ತದೆ. ಮರದ ಪೀಪಾಯಿಯನ್ನು ಡೊಂಬಿವಲಿಯ ಸೆಕೆಯಲ್ಲಿ ಎರಡು ವರ್ಷ ಇಟ್ಟರೆ ವಿನೆಗರಿನ ಬ್ಯಾಕ್ಟೀರಿಯಾಕ್ಕೆ ಹಬ್ಬ. ಕೋಣೆಯನ್ನಿಡೀ ತಂಪಾಗಿಡುವ ವಿದ್ಯುತ್ ಖರ್ಚು ಬಿಯರಿನ ಬೆಲೆಯನ್ನೇ ನುಂಗುತ್ತದೆ. 60,000 ಲೀಟರಿನ ಫೂಡರು ಯಾವ ಸಣ್ಣ ಬ್ರೂವರಿಗೂ ಕೈಗೆಟುಕುವುದಲ್ಲ. ಚಿಕ್ಕ ಪೀಪಾಯಿಯ ಅಪಾಯವನ್ನು ಮೇಲೆಯೇ ಹೇಳಿದೆ. ಕಂದು ಏಲ್‌ಗೆ ಬೇಕಾದದ್ದು ಉಕ್ಕಿನ ತೊಟ್ಟಿ, ಮಿಶ್ರ ಹುದುಗು, ಎಂಟು ಹತ್ತು ತಿಂಗಳ ತಾಳ್ಮೆ, ಮತ್ತು ಬೆರಸುವ ನಾಲಿಗೆ. ತೊಟ್ಟಿ ಎಲ್ಲರ ಬಳಿಯೂ ಇದೆ, ನಾಲಿಗೆ ಈ ಊರಿನಲ್ಲಿದೆ. ಕೊರತೆ ಇರುವುದು ತಾಳ್ಮೆಯದು, ಅದಕ್ಕೂ ನ್ಯಾಯವಾದ ಕಾರಣವಿದೆ: ಗೋಧಿ ಬಿಯರ್ ಎರಡು ಮೂರು ವಾರಕ್ಕೆ ತೊಟ್ಟಿ ಖಾಲಿ ಮಾಡಿ ಹಣವಾಗುತ್ತದೆ, ಕಂದು ಏಲ್ ಅದೇ ತೊಟ್ಟಿಯನ್ನು ವರ್ಷದ ಬಹುಭಾಗ ಹಿಡಿದಿಡುತ್ತದೆ, ಜಾಗದ ಬಾಡಿಗೆಯೂ ಪರವಾನಗಿ ಶುಲ್ಕವೂ ಕಾಯುವುದಿಲ್ಲ. ಇದಕ್ಕೆ ಒಂದು ಉಪಾಯ ಬೆರಸುವ ಪದ್ಧತಿಯ ಒಳಗೇ ಇದೆ. ಹಳೆಯದು ಒಟ್ಟು ಪ್ರಮಾಣದ ನಾಲ್ಕನೇ ಒಂದು ಭಾಗ ಇದ್ದರೂ ಸಾದಾ ರೋಡನ್‌ಬಾಕ್ ನಿಲ್ಲುತ್ತದೆ. ಅಂದರೆ ಒಂದೇ ಒಂದು ತೊಟ್ಟಿಯನ್ನು ಕಾಯಲು ಬಿಟ್ಟು, ಉಳಿದ ಮೂರು ಪಾಲನ್ನು ಬೆರೆಸುವ ಸಮಯಕ್ಕೆ ಹೊಸದಾಗಿ ಮಾಡಿಕೊಂಡರೆ ಸಾಕು. ತಲೋಜಾದಂಥ ದೊಡ್ಡ ಕಾರ್ಖಾನೆಗೆ ಇದು ಲೆಕ್ಕಕ್ಕೆ ಬಾರದ ಪ್ರಮಾಣವಾದೀತು, ಡೊಂಬಿವಲಿಯ ಅಳತೆಯ ಬ್ರೂವರಿಗೆ ಸರಿಯಾದ ಪ್ರಮಾಣ.

ಅಂಥದ್ದು ಬರುವವರೆಗೆ ಹೊರದೇಶದಿಂದ ಬರುವವರ ಸೂಟ್‌ಕೇಸಿನಲ್ಲೋ ಭಾರೀ ಸುಂಕ ತೆತ್ತೋ ಬಂದ ಬಾಟಲಿಯೇ ಗತಿ. ಅದನ್ನು ಫ್ರೀಜರಿನಲ್ಲಿ ಇಟ್ಟು ಕೆಡಿಸಬಾರದು. ಹತ್ತು ಹನ್ನೆರಡು ಡಿಗ್ರಿಯ ಆಸುಪಾಸು ಹದ. ನಮ್ಮ ಸೆಕೆಯಲ್ಲಿ ಫ್ರಿಜ್ಜಿನಿಂದ ತೆಗೆದು ಕಾಲು ಗಂಟೆ ಮೇಜಿನ ಮೇಲೆ ಇಟ್ಟರೆ ಆ ಹದ ತಾನೇ ಬರುತ್ತದೆ. ಜೊತೆಗೆ ಏನು ತಿನ್ನಬೇಕೆಂಬುದರಲ್ಲಿ ಫ್ಲಾಂಡರ್ಸಿನವರ ಸಲಹೆ ಕಂದು ಏಲ್‌ನಲ್ಲೇ ಬೇಯಿಸಿದ ದನದ ಮಾಂಸ. ಇಲ್ಲಿ ಅದು ಸಿಗದು, ಬೇಕೆಂದೂ ಇಲ್ಲ. ಕೋಳಿ ಸುಕ್ಕದ ಹುರಿದ ಕೊಬ್ಬರಿ ಮಸಾಲೆಗೆ ಗೌಡನ್‌ಬಾಂಟ್‌ನ ಸುಟ್ಟ ಬೆಲ್ಲದ ಸಿಹಿ ಚೆನ್ನಾಗಿ ಹೊಂದುತ್ತದೆ. ಪುಳಿಮುಂಚಿಯ ಎದುರು ಮಾತ್ರ ಗ್ರಾಂ ಕ್ರೂ ಬೇಕು. ಹುಳಿಯ ಎದುರು ಹುಳಿ ಇಟ್ಟರೆ ಎರಡೂ ಕೆಡುತ್ತವೆ ಎಂದು ತೋರಬಹುದು, ಆಗುವುದು ಬೇರೆ: ಹುಣಸೆಯ ಹುಳಿ ಬಾಯಲ್ಲಿರುವಾಗ ಏಲ್‌ನ ಹುಳಿ ಹಿಂದೆ ಸರಿದು, ಅಲ್ಲಿಯವರೆಗೆ ಮರೆಯಲ್ಲಿದ್ದ ಚೆರ್ರಿಯೂ ಮಾಲ್ಟಿನ ಸಿಹಿಯೂ ಎದ್ದು ಕಾಣುತ್ತವೆ. ಡಚೆಸ್‌ನ ಸಿಹಿ ಅದೇ ಊಟದಲ್ಲಿ ಮೆಣಸಿನ ಖಾರವನ್ನು ಅಂಟು ಅಂಟಾಗಿ ಮಾಡಿಬಿಡುತ್ತದೆ, ಅದನ್ನು ಊಟ ಮುಗಿದ ಮೇಲೆ ಸಣ್ಣ ಲೋಟದಲ್ಲಿ ಕೊಡುವುದು ಮೇಲು.